ಗಾಳಿಗೆ ಬಿಟ್ಟ ತೋಳು

ಮೇ 14, ಬುಧವಾರ

ಗೊತ್ತಿರುವುದನ್ನು ಮಾತ್ರ ಬರೆಯುತ್ತೇನೆ. ಬೆಳಗಾವಿಯಲ್ಲಿ ಅಪ್ಪ ದಿನವೂ ಪತ್ರಿಕೆ ಓದಿಸಿ ಕೇಳುತ್ತಿದ್ದರು: ಯಾರು, ಎಲ್ಲಿ, ಯಾವಾಗ, ಏನಾಯಿತು. ಇಷ್ಟು ಸಿಗದಿದ್ದರೆ ಅದು ಸುದ್ದಿಯಲ್ಲ ಎನ್ನುತ್ತಿದ್ದರು.

ಯಾರು: ನನ್ನ ಗಂಡ ಬಾಳು, ಟವರ್ ಕ್ರೇನ್ ಆಪರೇಟರ್. ಎಲ್ಲಿ: ಹಿಂಜವಾಡಿಯಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟಿನ ಸೈಟು. ಯಾವಾಗ: ಭಾನುವಾರ ಸಂಜೆ, ಅಡ್ಡಮಳೆಯ ಗಾಳಿ ಎದ್ದಾಗ. ಏನಾಯಿತು: ಕ್ರೇನಿನ ಉದ್ದ ತೋಳು ಮುರಿದು ಖಾಲಿ ಸ್ಲ್ಯಾಬಿನ ಮೇಲೆ ಬಿತ್ತು. ಕೆಳಗೆ ಯಾರೂ ಇರಲಿಲ್ಲ. ಮೇಲೆ ಇವರಿದ್ದರು. ತಲೆಗೆ ಪೆಟ್ಟು. ಅಗ್ನಿಶಾಮಕ ದಳದವರು ಇಳಿಸಿ ತಂದರು. ಇನ್ನೂ ಕಣ್ಣು ತೆರೆದಿಲ್ಲ.

ಗೊತ್ತಿಲ್ಲದ್ದು ಒಂದೇ. ಇವರು ಮೇಲೆ ಯಾಕಿದ್ದರು?

ಕೆಲಸ ಮುಗಿಸಿ ನೆಲಕ್ಕೆ ಕಾಲಿಟ್ಟ ಕೂಡಲೇ ನನಗೆ ಫೋನ್ ಮಾಡಿ ಒಂದು ಮಾತು ಹೇಳುತ್ತಾರೆ: "ಇಳದೀನಿ." ಮದುವೆಯಾದಾಗಿನಿಂದ ಇದು ತಪ್ಪಿಲ್ಲ. ಭಾನುವಾರವೂ ಬಂತು. "ಕೊತ್ತಂಬ್ರಿ ತರ್ರಿ" ಅಂದೆ, "ಹೂಂ" ಅಂದರು. ಇಳಿದವರು ಮತ್ತೆ ಹತ್ತಿದ್ದೇಕೆ?

ಕಂಪನಿಯ ಸುರಕ್ಷತಾ ಅಧಿಕಾರಿ ವಿನೀತ ಬಂದಿದ್ದರು. ಇನ್ನೂ ಚಿಕ್ಕ ವಯಸ್ಸು, ನಿಂತುಕೊಂಡೇ ಮಾತಾಡಿದರು. "ವಹಿನಿ, ಸಂಜೆ ಬ್ರೇಕ್ ಬಿಡಿಸುವುದನ್ನು ಬಾಳು ಮರೆತಿದ್ದಾರೆ. ನೆನಪಾಗಿ ಮತ್ತೆ ಹತ್ತಿರಬೇಕು," ಎಂದು ಮರಾಠಿಯಲ್ಲಿ ಹೇಳಿದರು. ಬ್ರೇಕ್ ಹಾಕದಿದ್ದರೆ ಅಪಘಾತವಾಗುತ್ತದೆ, ಬಿಡಿಸದಿದ್ದರೆ ಹೇಗೆ ಎಂದು ಕೇಳಿದೆ. ಅವರು ವಿವರಿಸಿದ್ದು ತಲೆಗೆ ಹೋಗಲಿಲ್ಲ. ಒಂದು ಪದ ಮಾತ್ರ ಹೋಯಿತು.

ಮರೆತರಂತೆ. ಮಲಗುವ ಮೊದಲು ಗ್ಯಾಸಿನ ರೆಗ್ಯುಲೇಟರ್ ಮುಟ್ಟಿ ನೋಡಿ, ಹಾಸಿಗೆಗೆ ಬಂದು, ಮತ್ತೆ ಎದ್ದು ಹೋಗಿ ಮುಟ್ಟಿ ಬರುವ ಮನುಷ್ಯ.

ಐಸಿಯು ಎದುರಿನ ಬೆಂಚಿನ ತುದಿಯಲ್ಲಿ ಸೈಟಿನ ಆಳೊಬ್ಬ ಕೂತಿರುತ್ತಾನೆ. ಕೆಳಗೆ ನಿಂತು ವಾಕಿಟಾಕಿಯಲ್ಲಿ ಇವರಿಗೆ ಸೂಚನೆ ಕೊಡುತ್ತಿದ್ದವನು. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಅವನ ಮೈಮೇಲೆ ಒಂದು ಗೀರೂ ಇಲ್ಲ. ಮಾತಾಡಿಸಲಿಲ್ಲ.

ಕಾರಿಡಾರಿನ ಕಿಟಕಿಯಿಂದ ಹಿಂಜವಾಡಿಯ ಕ್ರೇನುಗಳೆಲ್ಲ ಕಾಣುತ್ತವೆ. ಅದಕ್ಕೆ ಬೆನ್ನು ಹಾಕಿ ಕೂರುತ್ತೇನೆ.

ಮೇ 15, ಗುರುವಾರ

ಆ ಮನುಷ್ಯನ ಹೆಸರು ಜಟ್ಟೆಪ್ಪ. ಇಂಡಿ ಕಡೆಯವನು, ಐವತ್ತು ದಾಟಿದೆ. ಬ್ರೇಕಿನ ವಿಷಯ ಅವನಿಗಾದರೂ ಗೊತ್ತಿದ್ದೀತೆಂದು ಕೇಳಿದೆ. "ಬ್ರೇಕ್ ಕಡೀಕ ಬರ್ತದರಿ ಅಕ್ಕಾರ. ಮದಲ ಕ್ರೇನ್ ತಿಳೀಬೇಕು," ಎಂದು ಮೂಲೆಯಲ್ಲಿದ್ದ ಖಾಲಿ ಸಲಾಯಿನ್ ಸ್ಟ್ಯಾಂಡನ್ನು ಎಳೆದು ತಂದ.

"ಇದು ಮಾಸ್ಟ್, ಕ್ರೇನಿನ ಕಂಬ ಅಂತ ತಿಳ್ಕೋರಿ. ಬುಡಕ್ಕ ಕಾಂಕ್ರೀಟ್, ಅದರಾಗ ಆಳುದ್ದ ಬೋಲ್ಟ್ ಹೂತಿರ್ತಾವ. ಮಾಸ್ಟ್ ಯಾಕ ಜಾಳಗಿ ಜಾಳಗಿ ಇರ್ತದ ಹೇಳ್ರಿ?"

"ಹಗುರ ಆಗಲಿ ಅಂತ."

"ಅದೂ ಖರೆ. ಗಾಳಿ ಪಾರಾಗಿ ಹೋಗಲಿ ಅಂತನೂ ಖರೆ. ಗ್ವಾಡಿ ಹಂಗ ನಿಂತ್ರ ಗಾಳಿ ಬಿಟ್ಟೀತೇನ್ರಿ?"

ಮಾಸ್ಟಿನ ತಲೆಯ ಮೇಲೆ ಹಲ್ಲುಗಳುಳ್ಳ ದೊಡ್ಡ ಉಂಗುರ. ಉಂಗುರದ ಕೆಳಗಿನದು ಅಲ್ಲಾಡುವುದಿಲ್ಲ, ಮೇಲಿನದೆಲ್ಲ ತಿರುಗುತ್ತದೆ. ಒಂದು ಕಡೆ ಉದ್ದ ತೋಳು, ಇವರೆಲ್ಲ ಬೂಮ್ ಎನ್ನುತ್ತಾರೆ. ಇನ್ನೊಂದು ಕಡೆ ಗಿಡ್ಡ ತೋಳು. ಜಟ್ಟೆಪ್ಪ ನನ್ನ ಊಟದ ಡಬ್ಬಿ ಇಸಿದುಕೊಂಡು ಸ್ಟ್ಯಾಂಡಿನ ಒಂದು ಕೊಕ್ಕೆಗೆ ನೇತುಹಾಕಿದ. ಸ್ಟ್ಯಾಂಡು ವಾಲಿತು. "ಓ ಕಾಕಾ, ಠೇವಾ ತೇ!" ಅದನ್ನು ಇಡಿ ಎಂದು ನರ್ಸ್ ಮರಾಠಿಯಲ್ಲಿ ಗದರಿದಳು. "ಲಗೂನ ನಿಮ್ಮ ಚೀಲ ಈ ಕಡೆ ಹಾಕ್ರಿ," ಎಂದ. ಹಾಕಿದೆ. ಸ್ಟ್ಯಾಂಡು ನೆಟ್ಟಗಾಯಿತು.

"ಗಿಡ್ಡ ತೋಳಿನ ತುದೀಗೆ ಕಾಂಕ್ರೀಟ್ ಹಲಗಿ ಜೋತುಬಿಟ್ಟಿರ್ತೀವಿ. ಅವು ಏನೂ ಎತ್ತೂದಿಲ್ಲ, ಇಳಸೂದಿಲ್ಲ, ಸುಮ್ನ ಕುಂತಿರ್ತಾವ. ಅವು ಇಲ್ಲಂದ್ರ ಬೂಮ್ ಮುಗ್ಗರಸ್ತದ."

ಉದ್ದ ತೋಳಿನ ಕೆಳಗೆ ಟ್ರಾಲಿ ಹಿಂದೆ ಮುಂದೆ ಓಡುತ್ತದೆ. ಟ್ರಾಲಿಯಿಂದ ಉಕ್ಕಿನ ಹಗ್ಗ, ಹಗ್ಗದ ಕೊನೆಗೆ ಕೊಕ್ಕೆ. ಹಗ್ಗವನ್ನು ಉರುಳೆಗೆ ಸುತ್ತುವ ಮೋಟಾರು ಇರುವುದು ಗಿಡ್ಡ ತೋಳಿನ ಮೇಲೆ. ತೋಳುಗಳು ಕೂಡುವಲ್ಲಿ ಇವರ ಗಾಜಿನ ಕೋಣೆ. ಎಡಗೈ ಕ್ರೇನನ್ನು ತಿರುಗಿಸುತ್ತದೆ, ಟ್ರಾಲಿ ಓಡಿಸುತ್ತದೆ. ಬಲಗೈ ಕೊಕ್ಕೆಯನ್ನು ಎತ್ತಿ ಇಳಿಸುತ್ತದೆ. ಇಷ್ಟು ವರ್ಷ ಆ ಕೈಗಳಿಗೆ ರೊಟ್ಟಿ ಬಡಿಸಿದ್ದೇನೆ. ಯಾವ ಕೈ ಏನು ಮಾಡುತ್ತದೆ ಎಂಬುದು ನನಗೆ ಗೊತ್ತಾದದ್ದು ಇಂದು.

ಬ್ರೇಕಿನ ಮಾತು ಬಂದಾಗ ಜಟ್ಟೆಪ್ಪ "ಚಾ ತರ್ತೀನ್ರಿ" ಎಂದು ಎದ್ದು ಹೋದ.

ಮೇ 17, ಶನಿವಾರ

ಎದೆಯಲ್ಲಿ ಸೋಂಕು, ಜ್ವರ. ಕಾದು ನೋಡೋಣ ಎಂದರು ಡಾಕ್ಟರು. ಮಗಳು ಸುರಭಿಯನ್ನು ತಳೇಗಾಂವಕ್ಕೆ ಅಕ್ಕನ ಮನೆಗೆ ಕಳಿಸಿದೆ. "ಪಪ್ಪಾ ಏನರ ಅಂದ್ರಾ?" ಎಂದು ಫೋನಿನಲ್ಲಿ ಕೇಳುತ್ತಾಳೆ. ಇಲ್ಲ.

ಮೇ 18, ಭಾನುವಾರ

ಜ್ವರ ಇಳಿದಿಲ್ಲ. ಸಂಜೆ ಫೋನು ಕೈಯಲ್ಲಿ ಹಿಡಿದು ಕೂತೆ. ಯಾಕೆಂದು ಗೊತ್ತು. ಬರೆಯುವುದಿಲ್ಲ.

ಮೇ 20, ಮಂಗಳವಾರ

ಜ್ವರ ಸ್ವಲ್ಪ ಇಳಿದಿದೆ. ಕಣ್ಣು ತೆರೆದಿಲ್ಲ.

ವಿನೀತ ಫೋನ್ ಮಾಡಿ, ಮುರಿದ ಕ್ರೇನಿನ ಪರೀಕ್ಷೆ ಮುಗಿಯಿತು ಎಂದರು. ಬ್ರೇಕಿನ ಎರಡು ಹಿಡಿಕೆಗಳಲ್ಲಿ ಒಂದು ಬಿಟ್ಟಿತ್ತಂತೆ, ಇನ್ನೊಂದು ಬಿಗಿದೇ ಇತ್ತಂತೆ.

ಮಧ್ಯಾಹ್ನ ಜೋರು ಮಳೆ. ಜಟ್ಟೆಪ್ಪನೂ ನಾನೂ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದೆವು. ಇವತ್ತು ಹೇಳದೆ ಬಿಡುವುದಿಲ್ಲ ಎಂದೆ. ಅವನು ನನ್ನ ಛತ್ರಿ ಇಸಿದುಕೊಂಡು ಗಾಳಿಗೆ ಅಡ್ಡ ಹಿಡಿದ. ಕಡ್ಡಿಗಳು ಹಿಂದಕ್ಕೆ ಬಾಗಿದವು.

"ಗಟ್ಟಿ ಹಿಡದ್ರ ಮುರೀತದ. ಕೈ ಸಡ್ಲ ಬಿಟ್ರ..." ಬೆರಳು ಸಡಿಲಿಸಿದ. ಛತ್ರಿ ತಾನಾಗಿ ತಿರುಗಿ ಗಾಳಿಗೆ ಬೆನ್ನು ಕೊಟ್ಟು ಸುಮ್ಮನಾಯಿತು. "ಬೂಮೂ ಹಂಗರಿ. ಕೆಲಸ ಮಾಡೂವಾಗ ಬ್ರೇಕ್ ಬೇಕು. ಸಂಜೀಕ ಕೊಕ್ಕಿ ಮ್ಯಾಲ ಎತ್ತಿ, ಟ್ರಾಲಿ ಒಳಗ ತಗೊಂಡು, ಬ್ರೇಕ್ ಬಿಟ್ಟ ಇಳೀಬೇಕು. ಗಾಳಿ ಎತ್ಲಾಗ ಹೊಡೀತದ, ಬೂಮ್ ಅತ್ಲಾಗ ತಾನ ತಿರಗ್ತದ. ಗಾಳಿ ಕೂಡ ಜಗಳಿಲ್ಲ."

ಉಳಿದದ್ದಕ್ಕೆಲ್ಲ ಕ್ರೇನಿನಲ್ಲೇ ಕಾವಲಿದೆ. ಭಾರ ಹೆಚ್ಚಾದರೆ ಮೋಟಾರು ತಾನೇ ನಿಲ್ಲುತ್ತದೆ. ಕೊಕ್ಕೆ ತೀರ ಮೇಲೆ ಬಂದರೆ ಸ್ವಿಚ್ಚು ತಡೆಯುತ್ತದೆ. ಗಾಳಿಯ ವೇಗ ಮಿತಿ ಮೀರಿದರೆ ಗಂಟೆ ಬಾರಿಸುತ್ತದೆ. ಇವರ ಕ್ರೇನಿನಲ್ಲಿ ಸಂಜೆಯ ಬ್ರೇಕ್ ಮಾತ್ರ ಮನುಷ್ಯನ ಕೈಗೆ ಬಿಟ್ಟದ್ದು. ಉಂಗುರವನ್ನು ತಿರುಗಿಸುವ ಮೋಟಾರು ಎರಡು. ಒಂದೊಂದರ ಮೇಲೂ ಒಂದು ಹಿಡಿಕೆ. ಎತ್ತಿದರೆ ಬ್ರೇಕ್ ಬಿಡುತ್ತದೆ.

ನಾನು ಲೆಕ್ಕ ಹಾಕಿದೆ. ಇವರು ಫೋನ್ ಮಾಡಿದಾಗ ಕೆಳಗಿದ್ದರು. ಆಮೇಲೆ ಮೇಲಿದ್ದರು. ಹಿಡಿಕೆ ಒಂದು ಎತ್ತಿತ್ತು, ಒಂದು ಎತ್ತಿರಲಿಲ್ಲ. ಅಂದರೆ ಹತ್ತಿ ಹೋದದ್ದು ಬಿಡಿಸುವುದಕ್ಕೆ. ಒಂದನ್ನು ಎತ್ತಿದವರು ಇನ್ನೊಂದನ್ನು ಎತ್ತದೆ ಇಳಿಯುವವರಲ್ಲ. ಅಂದರೆ ಇಳಿದಾಗ ಎರಡೂ ಬಿಗಿದಿದ್ದವು. ಗ್ಯಾಸಿನ ರೆಗ್ಯುಲೇಟರನ್ನು ಎರಡು ಸಲ ಮುಟ್ಟುವವರು ಎರಡೂ ಹಿಡಿಕೆ ಮರೆಯುವುದು ಸಾಧ್ಯವಿಲ್ಲ.

"ಜಟ್ಟೆಪ್ಪ, ಅವರು ಬೇಕಂತ ಬಿಗದಿದ್ರಾ?"

ಅವನು ಛತ್ರಿ ಮಡಚಿ ನನ್ನ ಕೈಗೆ ಕೊಟ್ಟು, ಮಳೆಯಲ್ಲೇ ಹೊರಟು ಹೋದ.

ಮೇ 21, ಬುಧವಾರ

ಜಟ್ಟೆಪ್ಪ ಬರಲಿಲ್ಲ. ಎರಡು ಡಬ್ಬಿ ತಂದಿದ್ದೆ. ಒಂದನ್ನು ಹಾಗೆಯೇ ಮನೆಗೆ ಒಯ್ದೆ.

ಮೇ 23, ಶುಕ್ರವಾರ

ಜಟ್ಟೆಪ್ಪ ಹೆಂಡತಿ ನಾಗವ್ವನನ್ನು ಕರೆದುಕೊಂಡು ಬಂದಿದ್ದ. ತಾನು ಗೋಡೆ ಕಡೆ ಮುಖ ಮಾಡಿ ನಿಂತ. "ಈಂವ ಹೇಳೂದಿಲ್ರಿ. ಮನ್ಯಾಗ ಬಂದು ಉಂಬೂದಿಲ್ಲ, ಮಕ್ಕೊಳ್ಳೂದಿಲ್ಲ. ನಾನ ಹೇಳ್ತೀನಿ," ಎಂದು ನಾಗವ್ವ ಶುರು ಮಾಡಿದಳು.

ಆ ಭಾನುವಾರ ಅವರ ಮೊಮ್ಮಗಳ ತೊಟ್ಟಿಲ ಕಾರ್ಯ. ಕೆಲಸಗಾರರ ಕ್ಯಾಂಪು ಇರುವುದು ಎರಡು ಸೈಟುಗಳ ನಡುವೆ. ಎರಡು ಕ್ರೇನುಗಳ ತೋಳೂ ಅದರ ಮೇಲೆ ಬರುತ್ತವೆ. ಅಂಗಳದಲ್ಲಿ ತೊಟ್ಟಿಲು ಕಟ್ಟಿ ನೋಡಿದರೆ, ಕಬ್ಬಿಣದ ಕೊಕ್ಕೆ ಸರಿಯಾಗಿ ಅದರ ಮೇಲೆ. ಕೂಸಿನ ನೆತ್ತಿಯ ಮೇಲೆ ಕಬ್ಬಿಣ ತೂಗಬಾರದು ಎಂದು ಮುದುಕಿಯರು ಕೂತುಬಿಟ್ಟರು. ಇದು ಹೊಸದಲ್ಲವಂತೆ. ಕ್ಯಾಂಪಿನಲ್ಲಿ ಮದುವೆಯೋ ತೊಟ್ಟಿಲೋ ಇದ್ದರೆ ಆಪರೇಟರುಗಳು ತೋಳನ್ನು ಆಚೆ ತಿರುಗಿಸಿ ಬ್ರೇಕ್ ಬಿಗಿದು ಇಡುತ್ತಾರೆ, ಕಾರ್ಯ ಮುಗಿದ ಮೇಲೆ ಹೋಗಿ ಬಿಡಿಸುತ್ತಾರೆ. ಇದು ಆಫೀಸಿಗೆ ಗೊತ್ತಿಲ್ಲ.

ಜಟ್ಟೆಪ್ಪ ವಾಕಿಟಾಕಿಯಲ್ಲಿ ಕೇಳಿದ್ದ: "ಬಾಳಣ್ಣ, ಒಂದ ತಾಸು ಬೂಮ್ ರೋಡಿನ ಕಡೆ ಹಿಡೀತೀಯೇನೋ?" ಇವರು ನಕ್ಕು, "ನಿನ್ನ ಮೊಮ್ಮಗಳಿಗೆ ಹೆಸರ ಇಡೂತನಾ ಗಾಳಿಗೂ ರಜಾ ಕೊಡ್ಸು," ಎಂದರಂತೆ. ಇಳಿದರು. ನನಗೆ ಫೋನ್ ಮಾಡಿದರು. ಮುಖ ತೊಳೆದು ತೊಟ್ಟಿಲ ಕಾರ್ಯಕ್ಕೆ ಹೋದರು. ಗುಗ್ಗರಿ ತಿನ್ನುತ್ತಿದ್ದಾಗ ಮುಳಶಿ ಕಡೆಯಿಂದ ಗಾಳಿ ಎದ್ದು ತಾಡಪತ್ರಿ ಹಾರಿತು. ಇವರು ತಲೆ ಎತ್ತಿ ನೋಡಿ ಓಡಿದರು.

ಆಗ ಜಟ್ಟೆಪ್ಪ ಗೋಡೆಯಿಂದ ತಿರುಗಿದ. "ವಾಕಿಟಾಕ್ಯಾಗ ಕಡೀ ಮಾತು ನನ್ನ ಕೂಡ ಆಡ್ಯಾನರಿ. 'ಒಂದ ಬಿಟ್ಟೀನಿ, ಇನ್ನೊಂದಕ್ಕ ಹೊಂಟೀನಿ' ಅಂದ. ಅಷ್ಟ."

"ಹೋಗ್ರಿ. ಇನ್ನ ಇಲ್ಲಿ ಬರಬ್ಯಾಡ್ರಿ," ಎಂದೆ. ಹೋದರು.

ಒಂದು ಮುಷ್ಟಿ ಗುಗ್ಗರಿಗೆ. ಯಾರದೋ ಮನೆಯ ತೊಟ್ಟಿಲಿಗೆ. ನನ್ನ ಮಗಳ ನೆನಪಾಗಲಿಲ್ಲವೇ ಇವರಿಗೆ, ಆ ಹಿಡಿಕೆ ಬಿಗಿಯುವಾಗ?

ಇವರು ಮರೆತಿರಲಿಲ್ಲ. ಅದನ್ನು ತಿಳಿಯುವುದಕ್ಕೇ ಇಷ್ಟು ದಿನ ಕೂತಿದ್ದೆ. ತಿಳಿಯಿತು. ಈಗ ಎಲ್ಲಿ ಕೂರಲಿ?

ಮೇ 24, ಶನಿವಾರ

ವಿನೀತ ಮರಾಠಿಯಲ್ಲಿ ಬರೆದ ಹೇಳಿಕೆ ತಂದಿದ್ದರು. ಗುರುವಾರ ಸರ್ಕಾರದ ಕಡೆಯಿಂದ ವಿಚಾರಣೆಯ ಅಧಿಕಾರಿ ಬರುತ್ತಾರೆ. ಅಷ್ಟರೊಳಗೆ ಸಹಿ ಆಗಬೇಕು. 'ನನ್ನ ಪತಿ ಬ್ರೇಕ್ ಬಿಡಿಸುವುದನ್ನು ಮರೆತು ಇಳಿದಿದ್ದರು.'

ನಾನು ತಿಳಿದದ್ದನ್ನು ಹೇಳಹೊರಟೆ. ಅವರು ಕೈ ಎತ್ತಿ ತಡೆದರು. ಇವತ್ತು ಮೊದಲ ಸಲ ನನ್ನ ಪಕ್ಕ ಕೂತರು. "ವಹಿನಿ, ನೀವು ಬೇರೆ ಏನಾದರೂ ಕೇಳಿದ್ದರೆ ನನಗೆ ಹೇಳಬೇಡಿ. ಮರೆವು ಎಂದರೆ ಮನುಷ್ಯಸಹಜ. ಆಸ್ಪತ್ರೆಯದು ಕಂಪನಿ ನೋಡಿಕೊಳ್ಳುತ್ತದೆ, ಅವರು ಎದ್ದ ಮೇಲೆ ಕೆಲಸವೂ ಇರುತ್ತದೆ. ಬೇಕೆಂದೇ ಬಿಗಿದರು ಎಂದರೆ ಪೊಲೀಸ್ ಕೇಸು. ಅವರು ಮತ್ತೆ ಕ್ರೇನ್ ಹತ್ತುವುದಿಲ್ಲ."

ಅವರು ಕೆಟ್ಟವರಲ್ಲ. ನನ್ನ ಒಳ್ಳೆಯದಕ್ಕೇ ಹೇಳಿದರು. ಕಾಗದ ಚೀಲದಲ್ಲಿದೆ. ಒಂದು ಪದ. ಇವರಿಗೆ ಕೇಳಿಸುವುದೂ ಇಲ್ಲ.

ಮೇ 25, ಭಾನುವಾರ

ನಾಳೆ ಸಹಿ ಮಾಡಿ ಕೊಟ್ಟುಬಿಡುತ್ತೇನೆ.

ಮೇ 26, ಸೋಮವಾರ

ಸಹಿ ಮಾಡಲಿಲ್ಲ. ಯಾಕೆಂದು ಬರೆದಿಡಬೇಕು.

ಸಂಜೆ ಬೆಂಚುಗಳೆಲ್ಲ ತುಂಬಿದ್ದವು. ಕಾಗದ ಇಟ್ಟು ಸಹಿ ಮಾಡಲು ಕಿಟಕಿಯ ಕಟ್ಟೆಯೊಂದೇ ಖಾಲಿ ಇತ್ತು. ಗಾಳಿ ಪಶ್ಚಿಮದಿಂದ ಬೀಸುತ್ತಿತ್ತು. ಕೆಲಸ ನಿಂತಿತ್ತು. ವಾಕಡದಿಂದ ಮಾಣದವರೆಗೆ ಎಷ್ಟೋ ಕ್ರೇನುಗಳು, ಎಲ್ಲದರ ಉದ್ದ ತೋಳೂ ಪೂರ್ವಕ್ಕೆ. ಒಂದು ಮಾತ್ರ ಉತ್ತರಕ್ಕೆ ಚಾಚಿಕೊಂಡು ಅಲ್ಲಾಡದೆ ನಿಂತಿತ್ತು. ಅದು ಇವರ ಸೈಟಿನ ಪಕ್ಕದ್ದು. ಕ್ಯಾಂಪಿನ ಇನ್ನೊಂದು ಬದಿಯದ್ದು.

ಬರಬೇಡ ಎಂದಿದ್ದ ಜಟ್ಟೆಪ್ಪನಿಗೇ ಫೋನ್ ಮಾಡಿದೆ. "ಕಾಕಾ, ಬಾಜೂ ಕ್ರೇನ್ ಯಾಕ ತಿರಗವಲ್ದು?"

"ಕ್ಯಾಂಪಿನ್ಯಾಗ ಇವತ್ತ ಒಬ್ಬರ ಅರಿಷಿಣ ಅದರಿ. ನಾಡದ ಬುಧವಾರ ಇನ್ನೊಂದ ತೊಟ್ಟಲ."

"ಇಷ್ಟ ಆದ ಮ್ಯಾಲೂ?"

"ಆ ಕ್ರೇನ್ ಬಸವಪ್ರಭೂಂದು. ನಾ ಹೇಳೀನ್ರಿ ಅಂವಗ. ಬಾಳಣ್ಣ ಬಿಡೂದ ಮರತಿದ್ದ, ನಾ ಮರಿಯೂದಿಲ್ಲ ಕಾಕಾ ಅಂತಾನ. ಎಲ್ಲಾರೂ ಹಂಗ ತಿಳಕೊಂಡಾರ. ಮರತ್ರ ಅಷ್ಟ ಅಪಾಯ ಅಂತ."

ಕಾಗದದಲ್ಲಿದ್ದದ್ದೂ ಅದೇ ಪದ. ಈಗಲೇ ಹತ್ತಿಸಿ ಬಿಡಿಸಿರಿ ಎಂದೆ. ಸ್ವಲ್ಪ ಹೊತ್ತಾದ ಮೇಲೆ ಆ ತೋಳು ನಿಧಾನವಾಗಿ ತಿರುಗಿ ಉಳಿದವುಗಳಂತೆ ಪೂರ್ವಕ್ಕೆ ಬಂದು ನಿಂತಿತು. ಅಷ್ಟೂ ಹೊತ್ತು ಕಿಟಕಿಗೆ ಹಣೆ ಹಚ್ಚಿ ನಿಂತಿದ್ದೆನಂತೆ. "ಬಸಾ ತಾಯಿ, ಬಸಾ" ಎಂದು ನರ್ಸ್ ತೋಳು ಹಿಡಿದು ಕೂರಿಸಿದಳು.

ಮೇ 28, ಬುಧವಾರ

ಕ್ಯಾಂಪಿಗೆ ಹೋಗಿದ್ದೆ. ತಗಡಿನ ಮನೆಗಳ ನಡುವೆ ಅಂಗಳ, ಬಿದಿರಿನ ಗಳಕ್ಕೆ ಸೀರೆಯ ತೊಟ್ಟಿಲು. ಕೂಸು ಅಳುತ್ತಿತ್ತು. ಹೆಂಗಸರು ಸುತ್ತ ಕೂತಿದ್ದರು. ಮೇಲೆ ಬಸವಪ್ರಭು ತೋಳನ್ನು ಆಚೆ ತಿರುಗಿಸಿ ಹಿಡಿದಿದ್ದ, ಇನ್ನೂ ಇಳಿದಿರಲಿಲ್ಲ.

ನಾನು ಯಾರೆಂದು ನಾಗವ್ವ ಹೇಳಿದಳು. ನನಗೆ ಭಾಷಣ ಬರುವುದಿಲ್ಲ. "ನಮ್ಮನಿಯವರು ಮರತಿರ್ಲಿಲ್ರಿ," ಎಂದೆ. "ನೀವು ಕೇಳಿದ್ರಿ ಅಂತ ಬಿಗದ್ರು. ಗಾಳಿ ಬಂದಾಗ ಬಿಡಸಾಕ ಓಡಿದ್ರು. ನೆನಪಿತ್ತು. ನೆನಪಿದ್ರೂ ಟೈಮ್ ಸಿಗಲಿಲ್ಲ."

ಒಬ್ಬ ಮುದುಕಿ ಎಲೆ ಅಡಿಕೆ ಒತ್ತರಿಸಿಕೊಂಡು ಅಂದಳು: "ಅಲ್ಲಬೇ, ಕಬ್ಬಣ ತೂಗೂದು ನಮ್ಮ ಕೂಸಿನ ಮ್ಯಾಲ. ನಿಮ್ಮ ಮನಿ ಕೂಸಾಗಿದ್ರ ಹಿಂಗ ಅಂತಿದ್ದೇನು?"

"ನಮ್ಮ ಮನಿ ಕೂಸಿನ ಅಪ್ಪ ಆಸ್ಪತ್ರ್ಯಾಗ ಮಲಗ್ಯಾರ ಆಯಿ," ಎಂದೆ. "ಕೊಕ್ಕಿ ಮ್ಯಾಲ ಎತ್ತಿಟ್ಟಿರ್ತಾರ. ಬೂಮ್ ತಿರಗಾಕ ಬಿಟ್ರ ಈ ಕೂಸಿಗೆ ಏನೂ ಆಗೂದಿಲ್ಲ. ಹಿಡದ್ರ ಯಾರಿಗೆ ಏನ ಆಗ್ತದ ಗೊತ್ತಿಲ್ಲ. ತೊಟ್ಟಲ ಬಾಜೂಕ ನಾನೂ ನಿಂದರ್ತೀನಿ."

ಹೆಂಗಸರು ತಲೆ ಎತ್ತಿ ತೋಳಿನ ಕಡೆ ನೋಡಿದರು. ಕೊನೆಗೆ ಮುದುಕಿಯೇ, "ಬಂದಾಕಿಗೆ ಕುಂಕುಮ ಸೈತ ಹಚ್ಚಲಿಲ್ಲಲ್ಲರ್ಯಾ, ಏನ ಹೆಂಗಸರು ನೀವು," ಎಂದು ಉಳಿದವರನ್ನು ಬೈದಳು. ನಾಗವ್ವ ಕುಂಕುಮ ಹಚ್ಚಿ, ಕುಂಚಿಗೆ ತೊಡಿಸಿದ ಗುಂಡುಕಲ್ಲನ್ನು ನನ್ನ ಕೈಗಿಟ್ಟಳು. ಕೂಸಿಗಿಂತ ಮೊದಲು ಕಲ್ಲನ್ನು ತೊಟ್ಟಿಲ ಕೆಳಗಿಂದ ಒಬ್ಬರು ಕೊಡಬೇಕು, ಮೇಲಿಂದ ಇನ್ನೊಬ್ಬರು ಹಿಂದಿರುಗಿಸಬೇಕು. ಬೆಳಗಾವಿಯಲ್ಲಿ ಸುರಭಿಗೂ ಹೀಗೆಯೇ ಮಾಡಿದ್ದೆವು.

"ಪ್ರಭು, ಬಿಡೋ," ಎಂದು ಕಾಕಾ ವಾಕಿಟಾಕಿಯಲ್ಲಿ ಹೇಳಿದ. "ಎರಡೂ."

ಒಂದಿಷ್ಟು ಹೊತ್ತು ಬರೀ ಗರಗರ ಸದ್ದು. ಆಮೇಲೆ, "ಎರಡೂ ಬಿಟ್ಟೀನಿ ಕಾಕಾ."

ತೋಳು ಕದಲಿತು. ಕ್ಯಾಂಪಿನ ಮೇಲೆ ನಿಧಾನವಾಗಿ ಬಂತು, ನೆರಳು ಮೊದಲು ತಗಡಿನ ಮೇಲೆ, ಆಮೇಲೆ ತೊಟ್ಟಿಲ ಮೇಲೆ. ತಲೆ ಎತ್ತಿ ನೋಡಿದೆ. ಕಬ್ಬಿಣಕ್ಕಿಂತ ನಡುವಿನ ಆಕಾಶವೇ ಹೆಚ್ಚು ಕಾಣುತ್ತಿತ್ತು. ಕೈಯಲ್ಲಿ ಕಲ್ಲು ಭಾರವಾಗಿತ್ತು. ತೊಟ್ಟಿಲ ಕೆಳಗಿಂದ ನಾಗವ್ವನಿಗೆ ಕೊಟ್ಟೆ, ಅವಳು ಮೇಲಿಂದ ನನಗೆ ಕೊಟ್ಟಳು. ಕೂಸು ಅಳು ನಿಲ್ಲಿಸಿರಲಿಲ್ಲ.

ಗುಗ್ಗರಿ ಕಟ್ಟಿ ಕೊಟ್ಟರು. ತಂದಿದ್ದೇನೆ.

ಮೇ 29, ಗುರುವಾರ

ವಿಚಾರಣೆಯ ಅಧಿಕಾರಿಗೆ ಹೇಳಿದ್ದು: ಮರೆತಿಲ್ಲ. ಕೇಳಿದರೆಂದು ಬಿಗಿದರು. ಗಾಳಿ ಎದ್ದಾಗ ಬಿಡಿಸಲು ಹತ್ತಿದರು. ಒಂದನ್ನು ಬಿಡಿಸಿದ್ದರು.

ಕೇಳಿದವರು ಯಾರು ಎಂದರು ಅಧಿಕಾರಿ. ನಾನು ಬಾಯಿ ತೆರೆಯುವ ಮೊದಲೇ ಕಾಕಾ ಬಾಗಿಲಿಂದ, "ನಾನರಿ ಸಾಹೇಬ್ರ," ಎಂದು ಹಿಂದಿಯಲ್ಲಿ ತನ್ನ ಹೆಸರು, ಊರು ಹೇಳಿದ. ವಿನೀತ ಪೆನ್ನಿನ ಮುಚ್ಚಳ ಹಾಕಿ ತಲೆ ತಗ್ಗಿಸಿ ಕೂತರು. ಎರಡೂ ಸೈಟಿಗೆ ನೋಟಿಸು ಹೋಗುತ್ತದಂತೆ. ಇವರ ಮೇಲೂ ಕಾಕಾನ ಮೇಲೂ ಕೇಸು ಬರುತ್ತದೆ. ಆಸ್ಪತ್ರೆಯದನ್ನು ಕಂಪನಿ ಇನ್ನು ನೋಡಿಕೊಳ್ಳುತ್ತದೋ ಇಲ್ಲವೋ ಯಾರೂ ಹೇಳಲಿಲ್ಲ. ಸುರಭಿಗೆ ನಾನೇ ಎಲ್ಲ ಹೇಳಿದೆ. "ಅಂದ್ರ ಪಪ್ಪಾ ಮರತಿರ್ಲಿಲ್ಲಲ್ಲಾ?" ಎಂದಳು. ಅಷ್ಟೇ ಕೇಳಿದಳು.

ಮೇ 30, ಶುಕ್ರವಾರ

ಸಂಜೆ ಗಾಳಿ. ಕಾಕಾನೂ ನಾನೂ ಕಿಟಕಿಯ ಹತ್ತಿರ ನಿಂತು ಚಹಾ ಕುಡಿದೆವು. ಕಾಣುವ ತೋಳುಗಳೆಲ್ಲ ಒಂದೇ ದಿಕ್ಕಿಗಿದ್ದವು.

ಒಳಗೆ ಬಿಟ್ಟಾಗ ಇವರ ಎಡಗೈ ಅಲ್ಲಾಡುತ್ತಿತ್ತು. ಬೆರಳು ಮಡಚಿ, ಮೇಲಕ್ಕೆ ಎಳೆದಂತೆ. ನಿಂತು, ಮತ್ತೆ ಅದೇ. ಪ್ರಜ್ಞೆ ಇಲ್ಲದೆಯೂ ಕೈ ಹೀಗೆ ಅಲ್ಲಾಡುವುದುಂಟು, ಇದಕ್ಕೆ ಅರ್ಥ ಹಚ್ಚಬೇಡಿ ಎಂದರು ಡಾಕ್ಟರು. ಅವರು ಹೇಳಿದ್ದನ್ನೇ ಬರೆದಿದ್ದೇನೆ.

ಅವರು ಹೊರಗೆ ಹೋದ ಮೇಲೆ ಆ ಕೈ ಹಿಡಿದು ಇವರ ಕಿವಿಯ ಹತ್ತಿರ ಬಾಗಿದೆ.

"ಎರಡೂ ಬಿಟ್ಟಾವರಿ," ಎಂದೆ. "ಇನ್ನ ಇಳದ ಬರ್ರಿ."